ಕಲ್ಲಿನಿಂದ ಕಾಗದಕ್ಕೆ: ಶಿವಗಣಾರಾಧನೆಯ ಪತ್ರಿಕೆ ನಡೆದುಬಂದ ದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಲಿಂಗಾಯತ ಮನೆಗಳಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರೆ, ಕ್ರಿಯಾಸಮಾಧಿ ಮುಗಿದ ಒಂದೆರಡು ದಿನಗಳಲ್ಲಿಯೇ ಮನೆಯವರೊಬ್ಬರು ಮುದ್ರಣಾಲಯದ ಮೆಟ್ಟಿಲೇರುತ್ತಾರೆ. ಕೈಯಲ್ಲಿ ಅಗಲಿದವರ ಒಂದು ಭಾವಚಿತ್ರ. ಜೇಬಿನಲ್ಲಿ ಹೆಸರುಗಳನ್ನು ಗೀಚಿಕೊಂಡ ಒಂದು ಹಾಳೆ. ಮುದ್ರಣಾಲಯದವರು ಹಳೆಯ ಮಾದರಿಗಳ ಕಟ್ಟನ್ನು ಮುಂದಿಡುತ್ತಾರೆ. “ಇದರಂತೆಯೇ ಇರಲಿ, ಹೆಸರು ಮಾತ್ರ ಬದಲಿಸಿ” ಎಂಬ ಮಾತಿನೊಂದಿಗೆ ಕೆಲಸ ಮುಗಿಯುತ್ತದೆ. ದುಃಖದಲ್ಲಿರುವವರು ಅದಕ್ಕಿಂತ ಹೆಚ್ಚು ಯೋಚಿಸಲಾರರು. ಆದರೆ ಆ ಒಂದು ಹಾಳೆಯ ಹಿಂದೆ ಸಾವಿರದ ಐನೂರು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಏನನ್ನು ಬರೆಯಬೇಕು, ಯಾರ ಹೆಸರನ್ನು ಬಿಡಬಾರದು ಎಂಬ ಪ್ರಶ್ನೆಯಲ್ಲಿ ಶರಣರ ವಿಚಾರವೇ ಅಡಗಿದೆ.

ಪತ್ರಿಕೆಯ ಅಂಗಗಳು

ಈ ಪತ್ರಿಕೆಯನ್ನು ‘ಶಿವಗಣಾರಾಧನೆಯ ಆಹ್ವಾನ ಪತ್ರಿಕೆ’ ಎಂದೂ ‘ಕೈಲಾಸ ಶಿವಗಣಾರಾಧನೆ’ ಎಂದೂ ಕರೆಯುವುದು ರೂಢಿ. ಪಾಶ್ಚಾತ್ಯ ದೇಶಗಳ ಕ್ರೈಸ್ತರಲ್ಲಿ ಶವಸಂಸ್ಕಾರದ ದಿನವೇ ಚರ್ಚಿನಲ್ಲಿ ಕಾರ್ಯಕ್ರಮದ ಅಚ್ಚಾದ ಹಾಳೆಯನ್ನು ಹಂಚುವ ಪದ್ಧತಿಯುಂಟು. ನಮ್ಮ ಕಡೆ ಅದು ಸಾಧ್ಯವಿಲ್ಲ. ಸಮಾಧಿಕ್ರಿಯೆ ಅದೇ ದಿನ ಅಥವಾ ಮರುದಿನ ಮುಗಿದುಹೋಗುತ್ತದೆ. ಆದ್ದರಿಂದ ನಮ್ಮ ಪತ್ರಿಕೆ ಮಣ್ಣಿಗೆ ಕರೆಯುವುದಿಲ್ಲ. ಅನಂತರದ ಆರಾಧನೆಗೆ, ಅಂದರೆ ಸ್ಮರಣೆಗೆ ಮತ್ತು ದಾಸೋಹಕ್ಕೆ ಕರೆಯುತ್ತದೆ.

ಅದರ ರಚನೆ ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ತಲೆಯ ಮೇಲೆ ಗುರುಬಸವಲಿಂಗದ ನಮನ. ಒಂದು ಮೂಲೆಯಲ್ಲಿ ಬಸವಣ್ಣನವರ ಚಿತ್ರ ಅಥವಾ ಮನೆತನದ ಮಠದ ಗುರುಗಳ ಚಿತ್ರ. ನಡುವೆ ಲಿಂಗೈಕ್ಯರಾದವರ ಭಾವಚಿತ್ರ, ಜನನ ಮತ್ತು ಲಿಂಗೈಕ್ಯದ ದಿನಾಂಕಗಳು. ಕೆಳಗೆ ಆರಾಧನೆಯ ದಿನ, ಸ್ಥಳ, ಸಾನ್ನಿಧ್ಯ ವಹಿಸುವ ಸ್ವಾಮಿಗಳ ಹೆಸರು. ಕೊನೆಗೆ ‘ದುಃಖತಪ್ತರು’ ಎಂಬ ಶೀರ್ಷಿಕೆಯಡಿ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಬಂಧುಬಳಗ. ಇಷ್ಟರಲ್ಲಿ ಒಂದು ಬಾಳು ಅಡಗಬೇಕು.

ಕಲ್ಲು ಹೇಳಿದ ಸುದ್ದಿ

ಅಗಲಿದವರ ಹೆಸರನ್ನು ಬರೆದು ನಿಲ್ಲಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗದ ಸಮೀಪದ ತಮಟಕಲ್ಲಿನಲ್ಲಿ ಸುಮಾರು ಕ್ರಿ.ಶ. 500ರ ಕಾಲದ ಶಾಸನವೊಂದಿದೆ. ಗುಣಮಧುರನೆಂಬ ವೀರನನ್ನು ಅದು ಪದ್ಯದಲ್ಲಿ ಕೊಂಡಾಡುತ್ತದೆ. ಕನ್ನಡದ ಅತಿ ಹಳೆಯ ಪದ್ಯಗಳ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಕನ್ನಡ ಕಾವ್ಯದ ಮೊದಲ ಹೆಜ್ಜೆಗಳಲ್ಲಿ ಒಂದು, ಅಗಲಿದವನೊಬ್ಬನ ನೆನಪಿನಲ್ಲಿ ಮೂಡಿತೆಂಬುದು ಗಮನಿಸತಕ್ಕ ಸಂಗತಿ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರ ಸುಮಾರಿಗೆ. ಆದ್ದರಿಂದ ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳು 1902ರಲ್ಲಿ ಹೊರಬಂದ 7ನೆಯ ಸಂಪುಟದಲ್ಲಿವೆ. ಜಗಳೂರಿನವು ಚಿತ್ರದುರ್ಗದ 11ನೆಯ ಸಂಪುಟದಲ್ಲಿವೆ. ಈ ಸಂಪುಟಗಳಲ್ಲಿ ವೀರಗಲ್ಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಇಂದಿನ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿತ್ತು. ಊರು ಕಾಯುವಲ್ಲಿ, ತುರುಗಳನ್ನು ಮರಳಿಸುವಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಅಂದಿನ ಸಂಪ್ರದಾಯ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕೊಂಡೊಯ್ಯುವ ನೋಟ. ಮೇಲಿನದರಲ್ಲಿ ಕೈಲಾಸ, ಅಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನೆತ್ತಿಯ ಮೇಲೆ ಸೂರ್ಯಚಂದ್ರರು. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ಹೂವಿನಿಂದ ಸಿಂಗರಿಸಿ, ಭಜನೆಯೊಡನೆ ಹೊತ್ತೊಯ್ಯುವ ಮಂಟಪಕ್ಕೂ ‘ವಿಮಾನ’ವೆಂದೇ ಹೆಸರು. ಇಂದಿನ ಪತ್ರಿಕೆಯಲ್ಲಿ ಮೇಲೆ ಲಿಂಗದ ಚಿತ್ರ, ನಡುವೆ ವ್ಯಕ್ತಿಯ ಚಿತ್ರ, ಕೆಳಗೆ ಅಕ್ಷರಗಳು. ಈ ಕ್ರಮವನ್ನು ಕಂಡವರಿಗೆ ಊರಮುಂದಿನ ವೀರಗಲ್ಲು ನೆನಪಾಗದಿರದು.

ಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಪದವೊಂದು ಬರುತ್ತದೆ. ಕಣ್ಣಿಗೆ ಮರೆಯಾದವರಿಗೆ ಇದ್ದವರು ತೋರುವ ಗೌರವವೆಂದು ಅದರ ಅರ್ಥ. ಮಗನು ತಂದೆಗಾಗಿ, ಶಿಷ್ಯನು ಗುರುವಿಗಾಗಿ ನಿಲ್ಲಿಸಿದ ಕಲ್ಲಿಗೆ, ಕೊಟ್ಟ ದಾನಕ್ಕೆ ಈ ಮಾತು ಸಲ್ಲುತ್ತಿತ್ತು. ಎದುರಿಗಿದ್ದಾಗ ತೋರುವ ವಿನಯಕ್ಕೆ ಸಾಕ್ಷಿಗಳಿರುತ್ತಾರೆ, ಫಲವೂ ಇರುತ್ತದೆ. ಮರೆಯಾದವರಿಗೆ ತೋರುವ ವಿನಯದಲ್ಲಿ ಯಾವ ಅಪೇಕ್ಷೆಯೂ ಇಲ್ಲ. ಮುದ್ರಣಾಲಯದ ಮೆಟ್ಟಿಲ ಮೇಲೆ ಭಾವಚಿತ್ರ ಹಿಡಿದು ನಿಂತ ಮಗನ ಅಥವಾ ಮಗಳ ಕಾರ್ಯವೂ ಇದೇ ಪರೋಕ್ಷವಿನಯ.

ಕಲ್ಲು ಯಾರಿಗೆ ಸಿಗಲಿಲ್ಲ?

ಆದರೆ ಕಲ್ಲು ಎಲ್ಲರಿಗೂ ಸಿಗಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಪ್ರಸಿದ್ಧ ಶಿಲೆಯು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಶೌರ್ಯಕ್ಕೆ ಸಂದ ಆ ಗೌರವ ದೊಡ್ಡದೇ. ಅದೇ ಕಾಲದಲ್ಲಿ ಹೆರಿಗೆಯಲ್ಲಿ ಪ್ರಾಣಬಿಟ್ಟ ತಾಯಿಗೆ, ಅರುವತ್ತು ವರ್ಷ ಮಣ್ಣು ಉತ್ತು ಹಾಸಿಗೆಯಲ್ಲಿ ಕಣ್ಮುಚ್ಚಿದ ಒಕ್ಕಲಿಗೆ, ಬಟ್ಟೆ ಒಗೆದವನಿಗೆ, ದೋಣಿ ನಡೆಸಿದವನಿಗೆ ಸಾಮಾನ್ಯವಾಗಿ ಕಲ್ಲಿರಲಿಲ್ಲ. ಸಲ್ಲೇಖನವ್ರತ ಕೈಗೊಂಡ ಜೈನ ಸ್ತ್ರೀಯರಿಗೆ ನಿಷಿಧಿಗಲ್ಲುಗಳುಂಟು. ಉಳಿದಂತೆ ಹೆಣ್ಣಿಗೆ ಕಲ್ಲು ಸಿಕ್ಕಿದ್ದು ಬಹುಮಟ್ಟಿಗೆ ಗಂಡನ ಚಿತೆಯೇರಿದಾಗ. ಮಾಸ್ತಿಗಲ್ಲಿನ ಮೇಲೆ ಬಳೆ ತೊಟ್ಟು ಮೇಲಕ್ಕೆತ್ತಿದ ಕೈಯೊಂದು ಕಾಣುತ್ತದೆ. ಅನೇಕ ಕಲ್ಲುಗಳಲ್ಲಿ ಆ ಕೈ ಯಾರದೆಂಬ ಹೆಸರು ಕೂಡ ಇಲ್ಲ. ಗಂಡನ ನಂತರ ಮೂವತ್ತು ವರ್ಷ ಬಾಳಿ, ಮಕ್ಕಳನ್ನು ಸಾಕಿ, ಹೊಲಮನೆ ಉಳಿಸಿದವಳಿಗೆ ಸ್ಮಾರಕವಿಲ್ಲ.

ಬೆಳಗುತ್ತಿಯ ಸಿಂದರು ಆಳುತ್ತಿದ್ದ 12ನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಶರಣರು ಬೇರೊಂದು ಬಗೆಯ ಸ್ಮರಣೆಯನ್ನು ಕಟ್ಟಿದರು. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಹೊನ್ನಾಳಿ, ನ್ಯಾಮತಿಗಳ ನೆರೆಯ ಶಿಕಾರಿಪುರ ಸೀಮೆಯವು. ಇವರು ಹುಟ್ಟಿದ ದಿನ, ಐಕ್ಯರಾದ ದಿನ ಯಾವ ಕಲ್ಲಿನ ಮೇಲೂ ಇಲ್ಲ. ಬಹುಪಾಲು ಶರಣರ ವಿಷಯದಲ್ಲಿ ಉಳಿದಿರುವುದು ಎರಡೇ: ವಚನದ ಕೊನೆಯಲ್ಲಿ ಬರುವ ಅಂಕಿತ ಮತ್ತು ಹೆಸರಿನೊಂದಿಗೆ ಬೆರೆತ ಕಾಯಕ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಈ ಹೆಸರುಗಳನ್ನು ಉಚ್ಚರಿಸಿದರೆ ಸಾಕು, ಒಗೆದ ಬಟ್ಟೆ, ನಡೆಸಿದ ದೋಣಿ, ಹೆಣೆದ ಬುಟ್ಟಿ, ಹೊಸೆದ ಹಗ್ಗ, ಆಯ್ದ ಅಕ್ಕಿ, ತೆಗೆದ ನೂಲು ಕಣ್ಣಮುಂದೆ ಬರುತ್ತವೆ. ಕಲ್ಲು ಒಬ್ಬನು ಹೇಗೆ ಸತ್ತನೆಂದು ಹೇಳಿತು. ಶರಣರ ಹೆಸರು ಅವರು ಹೇಗೆ ಬಾಳಿದರೆಂದು ಹೇಳುತ್ತದೆ.

ಓಲೆಯಿಂದ ಅಚ್ಚಿಗೆ

ಅಚ್ಚಿನ ಯಂತ್ರ ಬರುವ ಮೊದಲು ಸಾವಿನ ಸುದ್ದಿ ಮನುಷ್ಯನ ಕಾಲಿನ ಮೇಲೆಯೇ ನಡೆಯುತ್ತಿತ್ತು. ಊರಿಂದೂರಿಗೆ ಆಳು ಹೋಗಿ ಸುದ್ದಿ ಮುಟ್ಟಿಸಬೇಕು. 1879ರಲ್ಲಿ ಭಾರತದಲ್ಲಿ ಅಂಚೆ ಕಾರ್ಡು ಬಂದ ಮೇಲೆ ದೂರದ ನೆಂಟರಿಗೆ ಬರೆಯುವುದು ಸುಲಭವಾಯಿತು. ಸಾವಿನ ಸುದ್ದಿ ತಂದ ಕಾಗದವನ್ನು ಓದಿದೊಡನೆ ಹರಿದುಹಾಕುವ, ಮನೆಯೊಳಗೆ ಇಡದಿರುವ ರೂಢಿ ಅನೇಕರಲ್ಲಿತ್ತು. ಅದು ಸೂತಕದ ಭಯ. ಶರಣರು ಜಾತಿ, ಜನನ, ಪ್ರೇತ, ರಜ, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ನಿರಾಕರಿಸಿದವರು. ಲಿಂಗಧಾರಿಗೆ ಸಾವಿನ ಮೈಲಿಗೆಯಿಲ್ಲ. ಆದ್ದರಿಂದ ಲಿಂಗೈಕ್ಯರ ಪತ್ರಿಕೆಯನ್ನು ಹರಿಯಬೇಕಾಗಿಲ್ಲ. ಅದನ್ನು ಮನೆಯಲ್ಲಿಡಬಹುದು, ಓದಬಹುದು, ಮೊಮ್ಮಕ್ಕಳಿಗೆ ತೋರಿಸಬಹುದು. ಪತ್ರಿಕೆ ಒಂದು ಕುಟುಂಬದ ದಾಖಲೆಯಾಗಿ ಉಳಿಯಲು ದಾರಿ ಮಾಡಿಕೊಟ್ಟದ್ದು ಈ ತತ್ತ್ವವೇ.

ಪತ್ರಿಕೆಯ ಮೇಲೆ ವಚನವೊಂದನ್ನು ಮುದ್ರಿಸುವ ಇಂದಿನ ಪದ್ಧತಿಗೆ ಕಾರಣರಾದವರನ್ನೂ ನೆನೆಯಬೇಕು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದು ಕನ್ನಡಿಗರು ತಮ್ಮ ನುಡಿಯಲ್ಲಿ ಅಚ್ಚಾದ ಸುದ್ದಿಯನ್ನು ಓದತೊಡಗಿದರು. ಆದರೆ ವಚನಗಳು ಬಹುಕಾಲ ಮಠಗಳ, ಮನೆಗಳ ತಾಳೆಗರಿ ಕಟ್ಟುಗಳಲ್ಲಿಯೇ ಇದ್ದವು. ಅವುಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದವರು ಫ. ಗು. ಹಳಕಟ್ಟಿಯವರು. 1925ರಲ್ಲಿ ಅವರು ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನವು ಅಚ್ಚಿನ ಮೊಳೆಗಳಿಗೆ ಇಳಿದು ಮನೆಮನೆಗೆ ಹರಡಿದುದರಿಂದಲೇ ಜಗಳೂರಿನ ರೈತನ ಆರಾಧನೆಯ ಪತ್ರಿಕೆಯ ಮೇಲೆ ಬಸವಣ್ಣನವರ ಮಾತು ಬರುವಂತಾಯಿತು.

ಮೊಳೆ ಜೋಡಿಸುವ ಕಾಲದಲ್ಲಿ ಪತ್ರಿಕೆ ತುಂಬ ಸರಳ. ಒಂದೊಂದು ಅಕ್ಷರವನ್ನೂ ಕೈಯಿಂದ ಆಯ್ದು ಸಾಲು ಕಟ್ಟಿ, ಕಾಲಿನಿಂದ ತುಳಿಯುವ ಯಂತ್ರದಲ್ಲಿ ಒತ್ತಬೇಕು. ಭಾವಚಿತ್ರ ಬೇಕೆಂದರೆ ಲೋಹದ ಬ್ಲಾಕು ಮಾಡಿಸಬೇಕು. ಅದಕ್ಕೆ ಹಣವೂ ಬೇಕು, ಸಮಯವೂ ಬೇಕು. ಆದ್ದರಿಂದ ಹಳೆಯ ಪತ್ರಿಕೆಗಳಲ್ಲಿ ಮುಖಗಳು ವಿರಳ, ಮಾತೇ ಪ್ರಧಾನ. ಆಫ್‌ಸೆಟ್ ಮುದ್ರಣ, ಆಮೇಲೆ ಕಂಪ್ಯೂಟರಿನ ಅಕ್ಷರಜೋಡಣೆ ಬಂದಮೇಲೆ ಭಾವಚಿತ್ರಕ್ಕೂ ಬಣ್ಣಕ್ಕೂ ಬೆಲೆ ಇಳಿಯಿತು. ಅನಂತರ ಫ್ಲೆಕ್ಸ್ ಫಲಕಗಳ ಭರಾಟೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ಇಂದು ಪತ್ರಿಕೆಯ ಪ್ರತಿಯೊಂದು ವಾಟ್ಸಾಪಿನಲ್ಲಿ ಕ್ಷಣಮಾತ್ರದಲ್ಲಿ ಎಲ್ಲರನ್ನೂ ಮುಟ್ಟುತ್ತದೆ. ಆದರೂ ಅಚ್ಚು ಹಾಕಿಸುವುದು ನಿಂತಿಲ್ಲ. ಹಿರಿಯರ ಮನೆಗೆ ಹೋಗಿ, ಕೈಗೆ ಪತ್ರಿಕೆಯಿತ್ತು ಕರೆಯುವುದರಲ್ಲಿರುವ ಗೌರವ ಬೇರೆ.

ಲಿಂಗೈಕ್ಯ ಎಂಬ ಪದ

ಪತ್ರಿಕೆಯಲ್ಲಿ ಬಹಳ ತೂಕದ ಪದ ‘ಲಿಂಗೈಕ್ಯ’. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಐಕ್ಯವು ಕೊನೆಯದು. ಅದು ಸತ್ತಮೇಲೆ ತಾನಾಗಿ ದೊರೆಯುವ ಪದವಿಯಲ್ಲ. ಬದುಕಿರುವಾಗಲೇ ಸಾಧಿಸಬೇಕಾದ ಸ್ಥಲ. ಹಾಗಾದರೆ ಎಲ್ಲರ ಹೆಸರಿನ ಹಿಂದೆಯೂ ಅದನ್ನು ಬರೆಯುವುದು ಸರಿಯೇ? ಇಲ್ಲಿ ಆ ಪದವು ಸಾಧನೆಯ ಪ್ರಮಾಣಪತ್ರವಲ್ಲ, ಉಳಿದವರ ಹಾರೈಕೆ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿಯಲ್ಲಿ ಕುಳ್ಳಿರಿಸಿದ ಕ್ಷಣದ ನಂಬಿಕೆಯನ್ನು ಅದು ಅಕ್ಷರಕ್ಕಿಳಿಸುತ್ತದೆ.

ಆದರೆ ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ‘ಮೃತರ ಆತ್ಮಕ್ಕೆ ಚಿರಶಾಂತಿ ಕೋರುತ್ತ’ ಎಂದಿರುತ್ತದೆ. ಲಿಂಗದಲ್ಲಿ ಒಂದಾದವರಿಗೆ ಬೇರೆ ಆತ್ಮವೆಲ್ಲಿ ಉಳಿಯಿತು? ಉಪ್ಪು ನೀರಿನಲ್ಲಿ ಕರಗಿದ ಮೇಲೆ ಉಪ್ಪಿನ ಹರಳಿಗೆ ಶಾಂತಿ ಕೋರಿದಂತೆ ಅದು. ಕಪ್ಪು ಅಂಚೂ ಹಾಗೆಯೇ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಶೋಕಪತ್ರಗಳಿಗೆ ಕಪ್ಪು ಅಂಚಿನ ಕಾಗದವನ್ನು ಬಳಸುತ್ತಿದ್ದರು. ವಿಭೂತಿಯ ಬಿಳುಪನ್ನು ಸಾವಿನಲ್ಲಿಯೂ ಹಣೆಗೆ ಧರಿಸುವವರಿಗೆ ಆ ಕಪ್ಪಿನ ಅಗತ್ಯವಿಲ್ಲ. ಬಸವಣ್ಣನವರು ಮರಣವನ್ನು ನಾಡಹಬ್ಬಕ್ಕೆ ಹೋಲಿಸಿದರು. ಹಾಗೆಂದು ಅಳಬಾರದೆಂದಲ್ಲ. ಮಕ್ಕಳು ಅಳುತ್ತಾರೆ, ಅಳುವುದು ಸಹಜ. ಆದರೆ ಬರೆಹದಲ್ಲಿ ತತ್ತ್ವ ತನ್ನನ್ನು ತಾನೇ ಅಲ್ಲಗಳೆಯಬಾರದು.

ಬಿಟ್ಟುಹೋದ ಸಾಲು

ಈ ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಎರಡು ಸ್ಮರಣೆಗಳನ್ನು ನೋಡಬಹುದು. ಸಿರಿಗೆರೆ ತರಳಬಾಳು ಬೃಹನ್ಮಠದ 20ನೆಯ ಗುರುಗಳಾದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳ ಕಾಲದಲ್ಲಿ, 1950ರಲ್ಲಿ, ತರಳಬಾಳು ಹುಣ್ಣಿಮೆ ಮಹೋತ್ಸವ ಜಗಳೂರಿನಲ್ಲಿ ಆರಂಭವಾಯಿತು. ಅವರು 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು. ಅವರ ಶ್ರದ್ಧಾಂಜಲಿ ಸಮಾರಂಭ ಸಿರಿಗೆರೆಯಲ್ಲಿ ವರ್ಷವರ್ಷವೂ ನಡೆಯುತ್ತ ಬಂದಿದೆ. ಶಾಲೆ ಕಟ್ಟಿದವರು, ವಚನ ಮತ್ತು ನಾಟಕಗಳನ್ನು ಜನರ ಬಳಿಗೆ ಒಯ್ದವರು ಎಂದೇ ಜನ ಅವರನ್ನು ನೆನೆಯುತ್ತಾರೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು (1930–2000) ಮತ್ತೊಬ್ಬರು. 1967ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. 1996ರಿಂದ 1999ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ದಾವಣಗೆರೆ ಜಿಲ್ಲೆ ರಚನೆಯಾದದ್ದು ಅವರ ಕಾಲದಲ್ಲಿಯೇ. ಇಂಥವರ ಬಾಳನ್ನು ಪತ್ರಿಕೆಗಳು, ಗ್ರಂಥಗಳು ಬರೆದಿಡುತ್ತವೆ.

ಆದರೆ ಅದೇ ಕಾರಿಗನೂರಿನಲ್ಲಿ ಅಡಿಕೆ ಸುಲಿದು ಬಾಳಿದ ಹೆಂಗಸಿಗೆ, ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಭತ್ತ ಬೆಳೆದವನಿಗೆ, ಜಗಳೂರಿನ ಬರಗಾಲಗಳಲ್ಲಿ ಮಳೆಗಾಗಿ ಮುಗಿಲು ನೋಡುತ್ತ ಹೊಲ ಬಿಡದೆ ದುಡಿದವನಿಗೆ ಬರೆಯುವವರು ಯಾರು? ಅವರ ಪಾಲಿಗೆ ಶಿವಗಣಾರಾಧನೆಯ ಪತ್ರಿಕೆಯೇ ಮೊದಲ ಮತ್ತು ಕಡೆಯ ಮುದ್ರಿತ ಚರಿತ್ರೆ. ಕಲ್ಲು ಕೊಡದಿದ್ದ ಗೌರವವನ್ನು ಕಾಗದ ಎಲ್ಲರಿಗೂ ಕೊಟ್ಟಿತು. ಹಾಸಿಗೆಯಲ್ಲಿ ಸತ್ತವರಿಗೂ ಒಂದು ಮುಖ, ಒಂದು ಹೆಸರು, ಎರಡು ದಿನಾಂಕ ದೊರೆತವು.

ಹೀಗಿದ್ದೂ ಆ ಹಾಳೆಯಲ್ಲಿ ಒಂದು ಸಾಲು ಇರುವುದಿಲ್ಲ. ಹುಟ್ಟಿದ ದಿನವಿರುತ್ತದೆ, ಹೋದ ದಿನವಿರುತ್ತದೆ. ನಡುವಿನ ಎಪ್ಪತ್ತು ವರ್ಷ ಏನು ಮಾಡಿದರು ಎಂಬುದಿರುವುದಿಲ್ಲ. ಸ್ವಾಮಿಗಳ ಬಿರುದುಗಳು ಮೂರು ಸಾಲು, ಅತಿಥಿಗಳ ಪದವಿಗಳು ನಾಲ್ಕು ಸಾಲು; ಲಿಂಗೈಕ್ಯರ ಕಾಯಕಕ್ಕೆ ಅರ್ಧ ಸಾಲೂ ಇಲ್ಲ. ಹೆಂಗಸಾದರೆ ಇನ್ನೂ ಒಂದು ಮರೆವು: ‘ಇಂಥವರ ಧರ್ಮಪತ್ನಿ’ ಎಂಬುದು ದೊಡ್ಡ ಅಕ್ಷರದಲ್ಲಿ, ಅವಳ ಸ್ವಂತ ಹೆಸರು ಸಣ್ಣ ಅಕ್ಷರದಲ್ಲಿ. ಮಾಸ್ತಿಗಲ್ಲಿನ ಹೆಸರಿಲ್ಲದ ಕೈ ಮತ್ತೆ ಇಲ್ಲಿ ಇಣುಕುತ್ತದೆ. ಕೊನೆಯಲ್ಲಿ ಗಂಡುಮಕ್ಕಳ ಹೆಸರುಗಳಿದ್ದು ಹೆಣ್ಣುಮಕ್ಕಳು ‘ಮತ್ತು ಪುತ್ರಿಯರು’ ಎಂಬ ಎರಡು ಪದಗಳಲ್ಲಿ ಅಡಗಿಬಿಡುವುದೂ ಉಂಟು. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು, ಮೈ ಒರೆಸಿದವಳು ಆ ಮಗಳೇ ಆಗಿರಬಹುದು.

ಪತ್ರಿಕೆ ಬರೆಯುವ ಬಗೆ

ಆದ್ದರಿಂದ ಪತ್ರಿಕೆ ಸಿದ್ಧಪಡಿಸುವವರು ಮಾದರಿಯ ಕಟ್ಟನ್ನು ನೋಡುವ ಮೊದಲು ಮನೆಯಲ್ಲಿ ಅರ್ಧ ಗಳಿಗೆ ಕುಳಿತುಕೊಳ್ಳುವುದು ಒಳ್ಳೆಯದು. ಮನೆಯ ಹಿರಿಯರನ್ನು ಕೇಳಿ ಹೆಸರನ್ನು, ದಿನಾಂಕಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲು ಲಿಂಗೈಕ್ಯರ ಸ್ವಂತ ಹೆಸರು, ಆಮೇಲೆ ಸಂಬಂಧ. ಅದರ ಕೆಳಗೆ ಕಾಯಕದ ಒಂದು ಸಾಲು: ಐವತ್ತು ವರ್ಷ ಒಕ್ಕಲುತನ ಮಾಡಿದವರು, ಊರಿನ ಬಟ್ಟೆ ಹೊಲಿದವರು, ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನವಿಕ್ಕಿದವರು. ಅಲಂಕಾರ ಬೇಡ, ಇದ್ದದ್ದಿದ್ದಂತೆ ಸಾಕು. ಮಕ್ಕಳ ಹೆಸರುಗಳನ್ನು ಹೆಣ್ಣು ಗಂಡೆನ್ನದೆ ವಯಸ್ಸಿನ ಕ್ರಮದಲ್ಲಿ ಬರೆದರೆ ಅನೇಕ ಮನಸ್ತಾಪಗಳು ಹುಟ್ಟುವುದೇ ಇಲ್ಲ.

ವಚನವನ್ನು ಆರಿಸುವಾಗಲೂ ಎಚ್ಚರ ಬೇಕು. ಜಾಗ ಸಾಲದೆಂದು ವಚನದ ಕೊನೆಯ ಅಂಕಿತವನ್ನೇ ಕತ್ತರಿಸುವುದು, ಒಬ್ಬ ಶರಣರ ವಚನಕ್ಕೆ ಮತ್ತೊಬ್ಬರ ಹೆಸರು ಹಾಕುವುದು ಸಾಮಾನ್ಯ ತಪ್ಪುಗಳು. ಅಂಕಿತವೇ ವಚನಕಾರರ ಗುರುತು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ, ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಅದರಲ್ಲಿ ನೋಡಿ ಸರಿಪಡಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಹೋದವರ ಬಾಯಲ್ಲಿ ನಿತ್ಯ ಬರುತ್ತಿದ್ದ ವಚನವೊಂದಿದ್ದರೆ ಅದಕ್ಕಿಂತ ಬೇರೆಯದು ಬೇಡ.

ವೆಚ್ಚದ ಮಾತಿಗೆ ಆಯ್ದಕ್ಕಿ ಲಕ್ಕಮ್ಮನೇ ದಾರಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದವಳು ಅವಳು. ಸಾಲ ಮಾಡಿ ಬಣ್ಣದ ದಪ್ಪ ಕಾಗದದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸುವುದಕ್ಕಿಂತ, ಬಿಳಿಯ ಒಂದೇ ಹಾಳೆಯಲ್ಲಿ ಬೇಕಾದಷ್ಟೇ ಪ್ರತಿ ಮಾಡಿಸಿ ಉಳಿದುದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರಿಗೆ ಒಪ್ಪುವ ದಾರಿ.

ಕಲ್ಲಿನ ಮೇಲೆ ಸೂರ್ಯಚಂದ್ರರನ್ನು ಕೆತ್ತಿದವರು ತಮ್ಮ ಬರೆಹ ಅವರಿರುವ ತನಕ ಇರಲೆಂದು ಬಯಸಿದರು. ಆ ಕಲ್ಲುಗಳಲ್ಲಿ ಎಷ್ಟೋ ಇಂದು ಹೊಲದ ಬದುಗಳಲ್ಲಿ ಅಕ್ಷರ ಸವೆದು ಬಿದ್ದಿವೆ. ಕಾಗದವಂತೂ ಇನ್ನೂ ಬೇಗ ಹಳದಿಯಾಗುತ್ತದೆ. ನೆಟ್ಟು ನಿಲ್ಲಿಸಿದ್ದಕ್ಕೆ ಅಳಿವುಂಟೆಂದೂ ನಡೆದಾಡುವುದೇ ಉಳಿಯುವುದೆಂದೂ ಬಸವಣ್ಣನವರು ತಿಳಿಸಿಕೊಟ್ಟಿದ್ದಾರೆ. ಪತ್ರಿಕೆ ಕೈಯಿಂದ ಕೈಗೆ, ಊರಿಂದ ಊರಿಗೆ ನಡೆಯುವ ವಸ್ತು. ಅದನ್ನು ಓದಿದ ಮೊಮ್ಮಗಳೊಬ್ಬಳು ಅಜ್ಜಿ ಐವತ್ತು ವರ್ಷ ಮಾಡಿದ ಕಾಯಕವೇನೆಂದು ಒಂದು ಸಾಲಿನಿಂದ ಅರಿತು ತಾನೂ ತನ್ನ ಕಾಯಕದಲ್ಲಿ ನಿಂತರೆ, ಅಜ್ಜಿಯ ಬಾಳು ಅವಳಲ್ಲಿ ಮುಂದೆ ನಡೆಯುತ್ತದೆ. ಆ ಒಂದು ಸಾಲನ್ನು ಬಿಡದೆ ಬರೆಯುವುದೇ ಇಂದಿನ ಪರೋಕ್ಷವಿನಯ.